ಶಸ್ತ್ರಶಾಲೆಯ ಸ್ತ್ರೀಯರ ಸೀಸಕವಚ: ಅದರ ರಚನೆ ಮತ್ತು ಅದರಲ್ಲಿರುವ ಒಂದು ತೆರಪು

ಕವಚ, ವರ್ಮ, ತನುತ್ರ, ಕಂಚುಕ, ಜೋಡು ಎಂಬ ಶಬ್ದಗಳನ್ನು ಸಾಹಿತ್ಯದ ಪಾಠ ಹೇಳುವವರು ವರ್ಷಕ್ಕೆ ಹತ್ತಾರು ಬಾರಿ ಉಚ್ಚರಿಸುವರು. ಆದರೆ ಈ ಶಬ್ದಗಳು ಸೂಚಿಸುವ ವಸ್ತುವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ವಿರಳ. ಕಂಡವರೂ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಕಂಡಿರುವರಷ್ಟೆ. ಹೀಗಿರುವಲ್ಲಿ, ಬೆಂಗಳೂರಿನ ದಕ್ಷಿಣಭಾಗದಲ್ಲಿಯೇ ದಿನವೂ ಕವಚವನ್ನು ತೊಟ್ಟು ಕೆಲಸಕ್ಕೆ ನಿಲ್ಲುವ ಸ್ತ್ರೀಪುರುಷರು ಬಹುಮಂದಿ ಇದ್ದಾರೆಂಬುದನ್ನು ನಾವು ಲಕ್ಷಿಸುವುದಿಲ್ಲ. ಜಯನಗರದ ಅಂಚಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಶ್ರೀ ಜಯದೇವ ಹೃದ್ರೋಗ ಸಂಸ್ಥೆ, ಭೈರಸಂದ್ರದ ಸಂಜಯ್ ಗಾಂಧಿ ಅಪಘಾತ ಮತ್ತು ಅಸ್ಥಿಚಿಕಿತ್ಸಾ ಸಂಸ್ಥೆ, ಇವಲ್ಲದೆ ಜೆ. ಪಿ. ನಗರ ಬನಶಂಕರಿಗಳ ಅನೇಕ ಆಸ್ಪತ್ರೆಗಳು, ಇವುಗಳ ಶಸ್ತ್ರಶಾಲೆಗಳಲ್ಲಿ ಕ್ಷ-ಕಿರಣದ ಸಹಾಯವಿಲ್ಲದೆ ಇಂದು ಕೆಲಸ ಸಾಗದು. ಆ ಕಿರಣವಿದ್ದೆಡೆ ಕವಚವಿಲ್ಲದೆ ನಿಲ್ಲಲಾಗದು. ಈ ಕವಚದ ರಚನೆಯನ್ನೂ, ಸ್ತ್ರೀಯರು ಅದನ್ನು ತೊಟ್ಟಾಗ ಕಂಡುಬರುವ ಒಂದು ಲೋಪವನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ವ್ಯಾಕರಣಾಲಂಕಾರಗಳನ್ನು ಓದಿದವನಿಗೆ ಈ ವಿಷಯದಲ್ಲಿ ಅಧಿಕಾರವೇನು ಎಂದು ಕೇಳಬಹುದು. ಹಿಂದೆ ನನ್ನಲ್ಲಿ ರಘುವಂಶವನ್ನು ಪಾಠ ಹೇಳಿಸಿಕೊಂಡು, ಈಗ ಅಸ್ಥಿಶಸ್ತ್ರವೈದ್ಯೆಯಾಗಿರುವ ಶಿಷ್ಯೆಯೊಬ್ಬಳು, ತಾನು ತೊಡುವ ಕವಚದಲ್ಲಿ ಕಂಕುಳ ಬಳಿಯಿರುವ ತೆರಪನ್ನು ಮುಚ್ಚುವ ತುಂಡಿಗೆ ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದಳು. ಶಬ್ದವನ್ನು ಕೊಡಬೇಕಾದರೆ ಅರ್ಥವನ್ನು ಮೊದಲು ತಿಳಿಯಬೇಕಷ್ಟೆ. ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಕಿರಣದ ಸ್ವರೂಪ. ಜರ್ಮನಿಯ ವೂರ್ಟ್ಸ್‌ಬುರ್ಗ್ ಪಟ್ಟಣದಲ್ಲಿ ೧೮೯೫ರ ನವೆಂಬರ್ ೮ರಂದು ವಿಲ್ಹೆಲ್ಮ್ ರೋಂಟ್ಗೆನ್ ಎಂಬ ಪ್ರಾಧ್ಯಾಪಕರು ತಾವು ಕಂಡ ಹೊಸ ಕಿರಣಕ್ಕೆ, ಅದರ ತತ್ತ್ವವು ಅಜ್ಞಾತವಾಗಿದ್ದುದರಿಂದ, ಬೀಜಗಣಿತದ ಅವ್ಯಕ್ತರಾಶಿಯ ಅಕ್ಷರವನ್ನೇ ಹೆಸರಾಗಿಟ್ಟರು. ಕನ್ನಡದಲ್ಲಿ ಅದು ‘ಕ್ಷ-ಕಿರಣ’ವಾಯಿತು. ಅವ್ಯಕ್ತವೆಂಬ ಅರ್ಥವು ಇಲ್ಲಿ ಲೋಪವಾಯಿತಾದರೂ, ಅಕಾರಾದಿ ಕ್ಷಕಾರಾಂತವೆಂದು ವರ್ಣಮಾಲೆಯನ್ನು ಕಲಿತವರಿಗೆ ಕಟ್ಟಕಡೆಯ ಅಕ್ಷರದ ಈ ಕಿರಣವು ಸ್ವಲ್ಪ ಗೂಢವಾಗಿಯೇ ತೋರುವುದು, ಭಾಷಾಂತರವು ಕೆಟ್ಟುದಲ್ಲ.

ಶಸ್ತ್ರಶಾಲೆಯಲ್ಲಿ ಇದರ ಉಪಯೋಗ ಹೀಗೆ: ತೊಡೆಯ ಮೂಳೆ ಮುರಿದವನಿಗೆ ಮೂಳೆಯ ಒಳಗೆ ಲೋಹದ ಸಲಾಕೆಯನ್ನು ಇಳಿಸಬೇಕು. ಹೃದಯದ ರಕ್ತನಾಳ ಕಟ್ಟಿದವನಿಗೆ ಮಣಿಕಟ್ಟಿನಿಂದಲೋ ತೊಡೆಯ ಸಂದಿನಿಂದಲೋ ಸೂಕ್ಷ್ಮವಾದ ನಳಿಕೆಯನ್ನು ಹೃದಯದವರೆಗೆ ಸಾಗಿಸಬೇಕು. ಒಳಗೆ ಏನಾಗುತ್ತಿದೆಯೆಂಬುದನ್ನು ಆಗಲೇ ಕಾಣಬೇಕಾದುದರಿಂದ, ಬಿಲ್ಲಿನಂತೆ ಬಾಗಿದ, ‘ಸಿ-ಆರ್ಮ್’ ಎಂಬ ಯಂತ್ರವನ್ನು ರೋಗಿಯ ಸುತ್ತ ನಿಲ್ಲಿಸುವರು. ಅದರ ಒಂದು ತುದಿಯಲ್ಲಿ ಕಿರಣನಳಿಕೆ, ಇನ್ನೊಂದು ತುದಿಯಲ್ಲಿ ಬಿಂಬಗ್ರಾಹಿ. ನೇರವಾದ ಕಿರಣವು ರೋಗಿಯ ಮೇಲೆ ಮಾತ್ರ ಬೀಳುವುದು. ಹಾಗಾದರೆ ಪಕ್ಕದಲ್ಲಿರುವವರಿಗೆ ಭಯವೇಕೆ? ರೋಗಿಯ ದೇಹವನ್ನು ಹೊಕ್ಕ ಕಿರಣದಲ್ಲಿ ಒಂದಂಶವು ಹಿಡಿದ ದಾರಿಯನ್ನು ಬಿಟ್ಟು ಎಲ್ಲ ದಿಕ್ಕಿಗೂ ಚದುರುವುದು. ಚಂದ್ರನು ಸ್ವಯಂಪ್ರಕಾಶನಲ್ಲದಿದ್ದರೂ ಬೆಳದಿಂಗಳು ಅವನಿಂದಲೇ ಬರುವಂತೆ, ಶಸ್ತ್ರಶಾಲೆಯಲ್ಲಿ ವೈದ್ಯರ ಮೇಲೆ ಬೀಳುವ ಕಿರಣವು ರೋಗಿಯ ಶರೀರದಿಂದಲೇ ಬರುವುದು. ಒಂದು ಮೀಟರು ದೂರದಲ್ಲಿ ಇದು ನೇರಕಿರಣದ ಸುಮಾರು ಸಾವಿರದಲ್ಲೊಂದು ಪಾಲು; ದೂರವು ಇಮ್ಮಡಿಯಾದರೆ ಬಲವು ಕಾಲ್ಭಾಗಕ್ಕೆ ಇಳಿಯುವುದು. ಹಿಂದೆ ಸರಿಯುವುದೇ ಉತ್ತಮವಾದ ರಕ್ಷಣೆ. ಆದರೆ ಸುತ್ತಿಗೆಯನ್ನೂ ಸಲಾಕೆಯನ್ನೂ ಹಿಡಿದ ಕೈಯವಳು ಎಲ್ಲಿಗೆ ಸರಿದಾಳು?

ಸ್ವಲ್ಪಸ್ವಲ್ಪವಾಗಿ ಬಹುಕಾಲ ಬಿದ್ದ ಕಿರಣವು ಏನು ಮಾಡೀತೆಂಬುದನ್ನು ಮೊದಲ ತಲೆಮಾರಿನವರು ತಮ್ಮ ಶರೀರದಿಂದಲೇ ಕಲಿತರು. ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ೧೮೯೬ರಲ್ಲಿಯೇ ಕ್ಷ-ಕಿರಣಶಾಲೆಯನ್ನು ತೆರೆದ ಎಲಿಜಬೆತ್ ಫ್ಲೈಶ್‌ಮನ್ ಎಂಬ ಸ್ತ್ರೀಯು ಕಿರಣದ ಗಾಯದಿಂದ ಕೈಯನ್ನು ಕಳೆದುಕೊಂಡು ೧೯೦೫ರಲ್ಲಿ ತೀರಿಕೊಂಡಳು. ಹೀಗೆ ಮಡಿದವರ ಹೆಸರುಗಳನ್ನು ಕೆತ್ತಿದ ಒಂದು ಶಿಲಾಸ್ತಂಭವನ್ನು ಹಾಂಬುರ್ಗ್ ನಗರದಲ್ಲಿ ೧೯೩೬ರಲ್ಲಿ ನಿಲ್ಲಿಸಿದರು. ನಮ್ಮ ನಾಡಿನ ವೀರಗಲ್ಲುಗಳನ್ನು ಓದುವವರಿಗೆ ಇದರ ಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕವಚ. ಲೋಹಗಳಲ್ಲಿ ಸೀಸವು ಭಾರವಾದುದು; ಅದರ ಪರಮಾಣುಸಂಖ್ಯೆ ೮೨. ಇಂತಹ ಭಾರಪರಮಾಣುಗಳು ಕ್ಷ-ಕಿರಣವನ್ನು ನುಂಗಿಬಿಡುವುವು. ಸೀಸದ ಪುಡಿಯನ್ನು ರಬ್ಬರಿನಲ್ಲಿಯೋ ವಿನೈಲಿನಲ್ಲಿಯೋ ಬೆರೆಸಿ, ಹಾಳೆಯಾಗಿ ಮಾಡಿ, ಮೇಲೆ ಬಟ್ಟೆಯ ಹೊದಿಕೆ ಕೊಟ್ಟು ಹೊಲಿದರೆ ಕವಚವಾಯಿತು. ಅದರ ಬಲವನ್ನು ಸಮಾನವಾದ ಸೀಸದ ದಪ್ಪದಿಂದ ಅಳೆಯುವರು: ೦.೨೫, ೦.೩೫, ೦.೫ ಮಿಲ್ಲಿಮೀಟರು ಎಂದು. ತೆಳುವಾದ ೦.೨೫ರ ಕವಚವೂ ಚದುರಿದ ಕಿರಣದಲ್ಲಿ ಸಾಮಾನ್ಯವಾಗಿ ನೂರಕ್ಕೆ ತೊಂಬತ್ತು ಪಾಲನ್ನು ತಡೆಯುವುದು. ಈಚೆಗೆ ಸೀಸದ ಬದಲು ತವರ, ಆಂಟಿಮನಿ, ಬಿಸ್ಮತ್, ಟಂಗ್‌ಸ್ಟನ್‌ಗಳನ್ನು ಬೆರೆಸಿ ಹಗುರಾದ ಕವಚಗಳನ್ನೂ ಮಾಡುವರು. ನಮ್ಮ ರಸಶಾಸ್ತ್ರದವರು ಸೀಸವನ್ನು ನಾಗವೆಂದೂ ತವರವನ್ನು ವಂಗವೆಂದೂ ಕರೆದು ಜೊತೆಜೊತೆಯಾಗಿಯೇ ಹೇಳುತ್ತಾರೆ. ಕವಚದಲ್ಲಿಯೂ ಅವು ಹೀಗೆ ಜೊತೆಯಾದುದು ಕಾಕತಾಳೀಯ, ಆದರೂ ಸೊಗಸು. ಹಳೆಯ ಮಾದರಿಯ ಕವಚವು ಮುಂದೆ ಮಾತ್ರ ಇಳಿಬಿದ್ದು ಬೆನ್ನಿನಲ್ಲಿ ಕಟ್ಟುವ ಮೇಲುಡೆ. ಹೊಸದು ಎರಡು ತುಂಡಿನದು, ಮೇಲೊಂದು ತೋಳಿಲ್ಲದ ಅಂಗಿ, ಕೆಳಗೊಂದು ಲಂಗ. ಎರಡೂ ಮೈಯನ್ನು ಸುತ್ತಿ ಬಂದು ಮುಂದೆ ಒಂದರ ಮೇಲೊಂದು ಕೂಡುವುದರಿಂದ ಮುಂಭಾಗದಲ್ಲಿ ದಪ್ಪವು ಇಮ್ಮಡಿಯಾಗುವುದು, ಭಾರದ ಒಂದು ಪಾಲು ಹೆಗಲನ್ನು ಬಿಟ್ಟು ಸೊಂಟಕ್ಕೆ ಇಳಿಯುವುದು. ಇವುಗಳ ಜೊತೆಗೆ ಕೊರಳಿನ ಥೈರಾಯ್ಡ್ ಗ್ರಂಥಿಯನ್ನು ಮುಚ್ಚುವ ಪಟ್ಟಿಯೊಂದು, ಕಣ್ಣಿಗೆ ಸೀಸದ ಗಾಜಿನ ಕನ್ನಡಕವೊಂದು.

ಹೆಸರುಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇಡಿಯ ಉಡುಪಿಗೆ ‘ಸೀಸದಂಗಿ’ ಎಂದರೆ ಸಾಕು. ಷಷ್ಠೀವಿಭಕ್ತಿಯು ಪ್ರಕಟವಾಗಿಯೇ ಇರುವುದರಿಂದ ಅರಿಸಮಾಸದ ಚರ್ಚೆಗೆ ಅವಕಾಶವಿಲ್ಲ. ಕೊರಳ ಪಟ್ಟಿಗೆ ‘ಕೊರಳ್ಗಾಪು’. ಕಂಕುಳ ತೆರಪನ್ನು ಮುಚ್ಚುವ ತುಂಡಿಗೆ ‘ಕಂಕುಳ್ಗಾಪು’. ಕಾಪು ಎಂದರೆ ರಕ್ಷಣೆಯೆಂಬುದು ವಿದಿತವೇ. ಉತ್ತರಪದದ ಕಕಾರಕ್ಕೆ ಗಕಾರಾದೇಶವಾದುದನ್ನು ಕೇಶಿರಾಜನನ್ನು ಓದಿದ ವಿದ್ಯಾರ್ಥಿಯೂ ಗುರುತಿಸಬಲ್ಲನು. ಇವಕ್ಕಿಂತ ಒಳ್ಳೆಯ ಶಬ್ದಗಳು ವಾಚಕರಿಗೆ ಹೊಳೆದರೆ ಅವೇ ನಿಲ್ಲಲಿ.

ಕಂಕುಳನ್ನು ಬೇರೆಯಾಗಿ ಕಾಯಬೇಕೇಕೆ ಎಂಬುದೇ ಈಗ ಮುಖ್ಯವಾದ ಪ್ರಶ್ನೆ. ತೋಳಿಲ್ಲದ ಅಂಗಿಗೆ ತೋಳು ಹೊರಬರಲು ಒಂದು ಕಂಡಿ ಬೇಕಷ್ಟೆ. ಆ ಕಂಡಿಯನ್ನು ಬಹುಕಾಲ ಪುರುಷರ ಹೆಗಲು ಎದೆಗಳ ಅಳತೆಗೆ ಕತ್ತರಿಸುತ್ತ ಬಂದರು, ಏಕೆಂದರೆ ಅದನ್ನು ತೊಡುತ್ತಿದ್ದವರಲ್ಲಿ ಹೆಚ್ಚಿನವರು ಪುರುಷರು. ಸಣ್ಣ ಮೈಕಟ್ಟಿನ ಹೆಂಗಸು ಅದನ್ನು ತೊಟ್ಟಾಗ ಕಂಡಿಯು ಪಕ್ಕೆಯವರೆಗೆ ಜೋಲುವುದು. ಬಿಗಿಯಾದ ಸಣ್ಣ ಅಂಗಿಯನ್ನು ತೊಟ್ಟರೆ ಎದೆಯ ಉಬ್ಬಿನಿಂದ ಅಂಚು ಹೊರಕ್ಕೆ ಸರಿದು ಪಕ್ಕದಲ್ಲಿ ಬಾಯಿ ತೆರೆಯುವುದು. ಇದರ ಮೇಲೆ ಕೆಲಸದ ಭಂಗಿಯನ್ನು ಗಮನಿಸಿ. ಮೂಳೆಗೆ ಸಲಾಕೆಯನ್ನು ಹೊಡೆಯುವವಳು ತೋಳನ್ನು ಎತ್ತುತ್ತಾಳೆ. ಯಂತ್ರದ ಬಿಂಬವನ್ನು ನೋಡಲು ಪಕ್ಕಕ್ಕೆ ತಿರುಗುತ್ತಾಳೆ. ಆಗ ರೋಗಿಗೆ, ಎಂದರೆ ಕಿರಣದ ಮೂಲಕ್ಕೆ, ಅಭಿಮುಖವಾಗುವುದು ಅವಳ ಎದೆಯಲ್ಲ, ತೆರೆದ ಕಂಕುಳು. ಮುಂಭಾಗದ ಇಮ್ಮಡಿ ಸೀಸವು ಆ ಕ್ಷಣದಲ್ಲಿ ಗೋಡೆಯ ಕಡೆಗೆ ನೋಡುತ್ತಿರುತ್ತದೆ.

ಸ್ತನದ ಕೋಶಜಾಲವು ಎದೆಯ ಮುಂಭಾಗದಲ್ಲಿಯೇ ಮುಗಿಯುವುದಿಲ್ಲ. ಮೇಲುಗಡೆಯ ಹೊರಮೂಲೆಯಿಂದ ಬಾಲದಂತೆ ಕಂಕುಳೊಳಕ್ಕೆ ಚಾಚಿರುವುದೆಂದು ಶರೀರಶಾಸ್ತ್ರಜ್ಞರು ಹೇಳುವರು. ಸ್ತನಾರ್ಬುದಗಳಲ್ಲಿ ಸುಮಾರು ಅರ್ಧದಷ್ಟು ಹುಟ್ಟುವುದು ಈ ಮೇಲಣ ಹೊರಪಾದದಲ್ಲಿಯೇ. ಕವಚವು ತೆರೆದಿರುವುದೂ ಅಲ್ಲಿಯೇ, ರೋಗವು ಹೆಚ್ಚಾಗಿ ಹುಟ್ಟುವುದೂ ಅಲ್ಲಿಯೇ! ದುರ್ಯೋಧನನ ಮೈಯೆಲ್ಲ ತಾಯಿಯ ದೃಷ್ಟಿಯಿಂದ ವಜ್ರವಾಗಿ, ಬಟ್ಟೆ ಮುಚ್ಚಿದ್ದ ತೊಡೆಯೊಂದು ಮಾತ್ರ ಮೃದುವಾಗಿ ಉಳಿಯಿತೆಂಬ ಕಥೆ ನೆನಪಾಗುತ್ತದೆ. ಆ ಕಥೆ ವ್ಯಾಸಭಾರತದಲ್ಲಿಲ್ಲ, ಜನರ ಬಾಯಲ್ಲಿ ಬೆಳೆದುದು. ಆದರೆ ಅಲ್ಲಿ ಬಟ್ಟೆಯು ಅಡ್ಡಬಂದು ಕೆಡಿಸಿತು, ಇಲ್ಲಿ ಬಟ್ಟೆಯು ಸಾಲದೆ ಕೆಡಿಸುತ್ತದೆ.

ಇದು ಬರಿಯ ಊಹೆಯೋ, ಪ್ರಮಾಣವುಂಟೋ? ಸ್ತನವು ಕಿರಣಕ್ಕೆ ಸುಲಭವಾಗಿ ತುತ್ತಾಗುವ ಅಂಗವೆಂಬುದಕ್ಕೆ ಪ್ರಬಲವಾದ ಪ್ರಮಾಣವುಂಟು. ಕ್ಷಯರೋಗಕ್ಕೆ ಔಷಧಿ ಬರುವ ಮುಂಚೆ, ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡುವ ಚಿಕಿತ್ಸೆಯಲ್ಲಿ ರೋಗಿಗಳನ್ನು ಮತ್ತೆಮತ್ತೆ ಕ್ಷ-ಕಿರಣದ ಮುಂದೆ ನಿಲ್ಲಿಸುತ್ತಿದ್ದರು. ಕೆನಡಾದ ನೋವಾಸ್ಕೋಷಿಯಾದಲ್ಲಿ ಹೀಗೆ ನಿಂತಿದ್ದ ಸ್ತ್ರೀಯರಲ್ಲಿ ಸ್ತನಾರ್ಬುದವು ಹೆಚ್ಚಾಗಿರುವುದನ್ನು ಮೆಕೆಂಜಿ ಎಂಬ ವೈದ್ಯರು ೧೯೬೫ರಲ್ಲಿ ಪ್ರಕಟಿಸಿದರು. ಹಿರೋಷಿಮಾ ನಾಗಸಾಕಿಗಳಲ್ಲಿ ಬದುಕುಳಿದವರ ದೀರ್ಘಕಾಲದ ಪರಿಶೀಲನೆಯೂ ಇದನ್ನೇ ಹೇಳಿತು. ಕಿರಣರಕ್ಷಣೆಯ ಅಂತರರಾಷ್ಟ್ರೀಯ ಆಯೋಗವು ಪ್ರತಿಯೊಂದು ಅಂಗಕ್ಕೂ ಅದರ ಮಾರ್ದವಕ್ಕೆ ಅನುಗುಣವಾಗಿ ಒಂದು ತೂಕವನ್ನು ನಿಗದಿ ಮಾಡಿರುತ್ತದೆ. ೧೯೯೦ರ ವರದಿಯಲ್ಲಿ ಸ್ತನಕ್ಕೆ ೦.೦೫ ಎಂದಿದ್ದುದು ೨೦೦೭ರ ವರದಿಯಲ್ಲಿ ೦.೧೨ ಆಯಿತು. ಈ ಒಂದು ಅಂಕಿಯ ಬದಲಾವಣೆಯನ್ನು ಕವಚ ಹೊಲಿಯುವವರು ಓದಿದ್ದರೆ ತೋಳಿನ ಕಂಡಿಯನ್ನು ಅಂದೇ ಬದಲಾಯಿಸಬೇಕಾಗಿತ್ತು.

ಶಸ್ತ್ರವೈದ್ಯೆಯರ ವಿಷಯದಲ್ಲಿ ಪ್ರಮಾಣವು ಇಷ್ಟು ದೃಢವಲ್ಲ. ಅಮೆರಿಕದ ಅಸ್ಥಿಶಸ್ತ್ರವೈದ್ಯೆಯರನ್ನು ಪ್ರಶ್ನಿಸಿ ೨೦೧೦ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ಅವರಲ್ಲಿ ಸ್ತನಾರ್ಬುದವು ಇತರ ಸ್ತ್ರೀಯರನ್ನು ನೋಡಿ ನಿರೀಕ್ಷಿಸಬಹುದಾದುದರ ಸುಮಾರು ಮೂರರಷ್ಟಿತ್ತು. ಆದರೆ ಉತ್ತರವಿತ್ತವರು ಕೆಲವರೇ. ತಡವಾಗಿ ತಾಯಂದಿರಾಗುವುದು, ಮೇಲಿಂದ ಮೇಲೆ ಪರೀಕ್ಷೆ ಮಾಡಿಸಿಕೊಳ್ಳುವುದು ಮೊದಲಾದ ಬೇರೆ ಕಾರಣಗಳೂ ಇರಬಹುದು. ಆದುದರಿಂದ ಕಿರಣವೇ ಕಾರಣವೆಂದು ಸಾಧಿಸಿದಂತಾಗಲಿಲ್ಲ. ನಿಶ್ಚಯವಾಗಿ ಸಿದ್ಧವಾಗಿರುವುದು ತೆರಪಿನ ಸಂಗತಿ. ೨೦೧೬ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸ್ತ್ರೀಶರೀರದ ಪ್ರತಿಕೃತಿಗೆ ಕವಚ ತೊಡಿಸಿ ಅಳೆದಾಗ, ಒಳಭಾಗಕ್ಕಿಂತ ಮೇಲಣ ಹೊರಪಾದಕ್ಕೆ ಹೆಚ್ಚು ಕಿರಣ ಬಿದ್ದುದೂ, ಯಂತ್ರವನ್ನು ಅಡ್ಡಲಾಗಿ ತಿರುಗಿಸಿದಾಗ ಅದು ಮತ್ತಷ್ಟು ಹೆಚ್ಚಿದುದೂ ಕಂಡುಬಂದಿತು. ಬ್ರಿಟನ್ನಿನ ಕೆಲವರು ವೈದ್ಯರು ೨೦೨೩ರಲ್ಲಿ ಬಿ. ಎಂ. ಜೆ. ಎಂಬ ವೈದ್ಯಪತ್ರಿಕೆಯಲ್ಲಿ ಈ ವಿಷಯವನ್ನೆತ್ತಿ, ಕಂಕುಳನ್ನೂ ಹೊರಪಾದವನ್ನೂ ಮುಚ್ಚುವ ಕವಚವನ್ನು ಆಸ್ಪತ್ರೆಗಳು ಒದಗಿಸಬೇಕೆಂದು ಬರೆದರು.

ಇಲ್ಲಿ ನಮ್ಮವರಲ್ಲಿ ಕೆಲವರು, ಇದನ್ನೆಲ್ಲ ಪ್ರಾಚೀನರು ಆಗಲೇ ಬಲ್ಲರೆಂದು ಹೇಳಲು ಆತುರಪಡಬಹುದು. ಸುಶ್ರುತಸಂಹಿತೆಯ ಶಾರೀರಸ್ಥಾನವು ೧೦೭ ಮರ್ಮಗಳನ್ನು ಎಣಿಸುವಾಗ ವಕ್ಷಸ್ಸಿಗೂ ಕಕ್ಷಕ್ಕೂ ನಡುವಣ ಸ್ಥಾನವನ್ನು ‘ಕಕ್ಷಧರ’ವೆಂದು ಹೆಸರಿಸಿ ಅದನ್ನು ವೈಕಲ್ಯಕರ ಮರ್ಮಗಳಲ್ಲಿ ಸೇರಿಸಿದೆ, ಋಗ್ವೇದದ ಆರನೆಯ ಮಂಡಲದ ೭೫ನೆಯ ಸೂಕ್ತದಲ್ಲಿ ಯೋಧನ ಮರ್ಮಗಳನ್ನು ವರ್ಮವು ಮುಚ್ಚುವ ಮಾತೂ ಬರುತ್ತದೆ. ಆದರೆ ಸುಶ್ರುತರು ಹೇಳಿದುದು ಆ ಸ್ಥಾನದಲ್ಲಿ ಗಾಯವಾದರೆ ತೋಳು ಸ್ವಾಧೀನ ತಪ್ಪುವುದೆಂದು. ಅರ್ಬುದಕ್ಕೂ ಕಿರಣಕ್ಕೂ ಅಲ್ಲಿ ಪ್ರಸಕ್ತಿಯಿಲ್ಲ. ಇಲ್ಲದುದನ್ನು ಅವರ ಬಾಯಲ್ಲಿ ಹೇಳಿಸುವುದು ಅವರಿಗೆ ಗೌರವವಲ್ಲ. ನಾವು ತೆಗೆದುಕೊಳ್ಳಬಹುದಾದುದು ಒಂದು ಕ್ರಮವನ್ನು ಮಾತ್ರ: ಮೊದಲು ಮರ್ಮವನ್ನು ಎಣಿಸಬೇಕು, ಅನಂತರ ವರ್ಮವನ್ನು ಕತ್ತರಿಸಬೇಕು. ಸೀಸದಂಗಿಯನ್ನು ಮಾಡಿದವರು ಈ ಕ್ರಮವನ್ನು ಹಿಂದುಮುಂದು ಮಾಡಿದರು.

ಪೂರ್ವಪಕ್ಷಿಯು ಹೇಳುವನು: ನಮ್ಮ ದೇಶದಲ್ಲಿ ೧೯೮೩ರಿಂದ ಅಣುಶಕ್ತಿ ನಿಯಂತ್ರಣ ಮಂಡಲಿಯುಂಟು, ಕಿರಣದ ಕೆಲಸದವರು ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ ೨೦ ಮಿಲ್ಲಿಸೀವರ್ಟನ್ನು, ಯಾವುದೊಂದು ವರ್ಷದಲ್ಲಿಯೂ ೩೦ನ್ನು ಮೀರಕೂಡದೆಂದು ಅದು ವಿಧಿಸಿದೆ, ಎದೆಯ ಮೇಲೆ ಧರಿಸುವ ಬಿಲ್ಲೆಯು ಮೂರು ಮೂರು ತಿಂಗಳ ಲೆಕ್ಕವನ್ನು ಕೊಡುತ್ತದೆ, ಲೆಕ್ಕವು ಮಿತಿಗಿಂತ ಬಹು ಕೆಳಗಿರುವಾಗ ಈ ಗದ್ದಲವೇಕೆ? ಈ ವಾದದಲ್ಲಿ ಮೊದಲ ಭಾಗವು ಒಪ್ಪತಕ್ಕದ್ದೇ. ದೋಷವಿರುವುದು ಬಿಲ್ಲೆಯ ಮಾತಿನಲ್ಲಿ. ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನ ಚಿಕ್ಕ ತಟ್ಟೆಗಳುಳ್ಳ ಈ ಬಿಲ್ಲೆಯು ಬಿದ್ದ ಕಿರಣವನ್ನು ತನ್ನಲ್ಲಿ ಕೂಡಿಟ್ಟುಕೊಂಡು, ಕಾಯಿಸಿದಾಗ ಬೆಳಕಾಗಿ ಒಪ್ಪಿಸುತ್ತದೆ, ಸಾಕ್ಷಿಯು ಸತ್ಯವಾದಿ. ಆದರೆ ಅದನ್ನು ಧರಿಸುವ ವಿಧಿಯಿರುವುದು ಎದೆಯ ಮಟ್ಟದಲ್ಲಿ, ಸೀಸದಂಗಿಯ ಒಳಗಡೆ. ಕವಚದ ಹಿಂದೆ ಕುಳಿತ ಸಾಕ್ಷಿಯು ಕವಚವು ತಡೆದ ಬಳಿಕ ಉಳಿದುದನ್ನು ಹೇಳಬಲ್ಲದು; ಗೇಣುದ್ದ ಆಚೆಗೆ, ಕವಚವೇ ಇಲ್ಲದ ಕಡೆಯಲ್ಲಿ ಏನಾಯಿತೆಂದು ಅದನ್ನು ಕೇಳಿದವರು ಯಾರು? ಪ್ರತ್ಯಕ್ಷವಾಗದುದನ್ನು ಅಭಾವವೆಂದು ನಿರ್ಣಯಿಸಬೇಕಾದರೆ, ಇದ್ದಿದ್ದರೆ ಕಾಣುತ್ತಿತ್ತು ಎಂಬ ಯೋಗ್ಯತೆ ಅಲ್ಲಿರಬೇಕೆಂದು ತರ್ಕದ ಮೊದಲ ಪಾಠಗಳಲ್ಲಿಯೇ ಕಲಿಯುತ್ತೇವೆ. ಕಂಕುಳ ವಿಷಯದಲ್ಲಿ ಎದೆಯ ಬಿಲ್ಲೆಗೆ ಆ ಯೋಗ್ಯತೆಯಿಲ್ಲ. ಮೇಲಾಗಿ, ಮಿತಿಯೊಳಗಿದ್ದರೆ ಸಾಕೆಂಬುದು ಕಿರಣರಕ್ಷಣೆಯ ಸೂತ್ರವಲ್ಲ. ಸಾಧ್ಯವಾದಷ್ಟೂ ಕಡಮೆ ಮಾಡಬೇಕೆಂಬುದೇ ಸೂತ್ರ.

ಗರ್ಭಿಣಿಯರ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಗರ್ಭವನ್ನು ಅಧಿಕಾರಿಗಳಿಗೆ ತಿಳಿಸಿದ ಮೇಲೆ ಉಳಿದ ತಿಂಗಳುಗಳಲ್ಲಿ ಶಿಶುವಿಗೆ ೧ ಮಿಲ್ಲಿಸೀವರ್ಟನ್ನು ಮೀರಕೂಡದೆಂಬುದು ನಮ್ಮ ಮಂಡಲಿಯ ನಿಯಮ. ಸುತ್ತುವ ಲಂಗದ ಮಾದರಿಯಲ್ಲಿ ಹೊಟ್ಟೆಯ ಮೇಲೆ ಇಮ್ಮಡಿ ಹಾಳೆ ಬರುವುದರಿಂದ ಇದನ್ನು ಸಾಧಿಸುವುದು ಕಷ್ಟವಲ್ಲ. ಹೊಟ್ಟೆ ಬೆಳೆದಂತೆ ಮುಂದಿನ ಹಾಳೆಗಳು ಸರಿದು ಕೂಡದೆ ಹೋಗದಂತೆ ದೊಡ್ಡ ಅಳತೆಯದನ್ನು ಕೊಡಬೇಕು, ಅಷ್ಟೆ. ತಿಳಿಸಿದ ಮಾತ್ರಕ್ಕೆ ಅವಳನ್ನು ಕೆಲಸದಿಂದ ಹೊರಗಿಡಕೂಡದೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ೨೦೧೪ರ ಮೂಲಸುರಕ್ಷಾವಿಧಿಗಳು ಸ್ಪಷ್ಟವಾಗಿ ಹೇಳುತ್ತವೆ. ಇದನ್ನು ಎತ್ತಿ ಹೇಳುವುದಕ್ಕೆ ಕಾರಣವುಂಟು. ಕಿರಣದ ಭಯವನ್ನು ಮುಂದಿಟ್ಟು, ಹೆಣ್ಣುಮಕ್ಕಳಿಗೆ ಮೂಳೆಯ ಶಸ್ತ್ರವೂ ಹೃದಯದ ನಳಿಕೆಯೂ ತಕ್ಕವಲ್ಲವೆಂದು ಉಪದೇಶಿಸುವ ಹಿತೈಷಿಗಳಿದ್ದಾರೆ. ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಸಂಸ್ಥೆಯಲ್ಲಿ ಸ್ತನಾರ್ಬುದದ ಶಸ್ತ್ರಚಿಕಿತ್ಸೆಯಲ್ಲಿಯೇ ಬಾಳನ್ನು ಸವೆಸಿದ, ಕಲಬುರಗಿಯ ಡಾಕ್ಟರ್ ವಿಜಯಲಕ್ಷ್ಮಿ ದೇಶಮಾನೆಯವರಿಗೆ ೨೦೨೫ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಸ್ತ್ರೀಯ ಕೈಗೆ ಶಸ್ತ್ರವು ಒಗ್ಗುವುದೋ ಇಲ್ಲವೋ ಎಂಬ ವಿಚಾರವನ್ನು ಇನ್ನೂ ಎತ್ತುವವರು ಈ ಊರಿನಲ್ಲಿರುವುದು ಆಶ್ಚರ್ಯ. ಅಂಗಿಯು ಮೈಗೆ ಹೊಂದದಿದ್ದರೆ ಅಂಗಿಯನ್ನು ತಿದ್ದುವುದುಂಟು; ಮೈಯನ್ನು ಮನೆಗೆ ಕಳುಹಿಸುವುದಿಲ್ಲ.

ತಿದ್ದುವುದು ಹೇಗೆ? ಹೊಸ ಲೋಹ ಬೇಡ, ಹೊಸ ಯಂತ್ರ ಬೇಡ. ಬೇಕಾದುದು ಕತ್ತರಿಯ ಜಾಣತನ. ಒಂದು ಬಗೆಯಲ್ಲಿ ಅಂಗಿಗೆ ಮೊಳಕೈಯ ಮೇಲಿನವರೆಗೆ ಸೀಸದ ಗಿಡ್ಡತೋಳನ್ನು ಕೂಡಿಸುವರು. ಇನ್ನೊಂದರಲ್ಲಿ ಕಂಡಿಯ ಒಳ ಅಂಚಿಗೆ ರೆಕ್ಕೆಯಂತಹ ತುಂಡನ್ನು ಸಿಕ್ಕಿಸುವರು. ಮತ್ತೊಂದರಲ್ಲಿ ಕವಚದ ಕೆಳಗೆ ಎದೆ ಕಂಕುಳುಗಳನ್ನು ಮಾತ್ರ ಮುಚ್ಚುವ ಕುಪ್ಪಸವನ್ನು ತೊಡುವರು. ತೋಳಿದ್ದರೆ ಕೈಯಾಡುವುದಿಲ್ಲವೆಂಬ ಆಕ್ಷೇಪವು ಮೊದಲನೆಯದಕ್ಕೆ ಸ್ವಲ್ಪ ಸಲ್ಲುವುದು, ಉಳಿದೆರಡಕ್ಕೆ ಅಷ್ಟಾಗಿ ಸಲ್ಲದು. ಬೆಲೆಯ ಆಕ್ಷೇಪವನ್ನು ನಾನು ಲಘುವಾಗಿ ಕಾಣುವುದಿಲ್ಲ. ಬಡ ರೋಗಿಗಳ ಆಸ್ಪತ್ರೆಗೆ ಪ್ರತಿಯೊಂದು ರೂಪಾಯಿಯೂ ಲೆಕ್ಕವೇ. ಆದರೂ ಬೇಕಾದುದು ಎಲ್ಲರಿಗೂ ಹೊಸ ಕವಚವಲ್ಲ, ಇರುವ ಕವಚಕ್ಕೆ ಒಂದು ಗೇಣಿನ ತುಂಡು.

ಈ ಊರಿಗೆ ಇದು ಅಸಾಧ್ಯವೆಂದರೆ ನಂಬುವವರಾರು? ಬಿ. ಟಿ. ಎಂ. ಬಡಾವಣೆಯನ್ನು ದಾಟಿದರೆ ಬೊಮ್ಮನಹಳ್ಳಿ. ಅಲ್ಲಿಂದ ಹೊಸೂರು ರಸ್ತೆಯುದ್ದಕ್ಕೂ ಸಿದ್ಧ ಉಡುಪಿನ ಕಾರ್ಖಾನೆಗಳು. ಪರದೇಶದ ಹೆಂಗಸರ ಮೈಗೆ ತಕ್ಕಂತೆ, ಒಂದೊಂದು ಅಳತೆಗೂ ಬೇರೆಬೇರೆ ಕಂಕುಳ ಸುತ್ತನ್ನು ಇಟ್ಟು ಉಡುಪು ಹೊಲಿಯುವ ಕೈಗಳು ಅಲ್ಲಿವೆ, ಅವುಗಳಲ್ಲಿ ಹೆಚ್ಚಿನವು ಹೆಂಗಸರ ಕೈಗಳೇ. ಅಷ್ಟೇಕೆ, ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ರವಿಕೆ ಹೊಲಿಯುವ ದರ್ಜಿಯು ಕಂಕುಳ ಸುತ್ತನ್ನು ಅಳೆಯದೆ ಕತ್ತರಿಯನ್ನು ಕೈಗೆತ್ತಿಕೊಳ್ಳುವುದಿಲ್ಲ. ಗುಳೇದಗುಡ್ಡದ ಖಣದ ಕುಪ್ಪಸಕ್ಕೆ ಸಿಕ್ಕಿದ ಈ ಗೌರವವು ಪ್ರಾಣವನ್ನು ಕಾಯಬೇಕಾದ ಸೀಸದಂಗಿಗೆ ಸಿಕ್ಕಲಿಲ್ಲವೆಂಬುದೇ ನನ್ನ ಆಕ್ಷೇಪ.

ಅಲ್ಲಿಯವರೆಗೆ, ಕವಚವನ್ನು ಕೊಳ್ಳುವಾಗಲೂ ಹಂಚುವಾಗಲೂ ಪಾಲಿಸಬಹುದಾದ ಪರೀಕ್ಷೆಯೊಂದನ್ನು ಹೇಳಿ ನಿಲ್ಲಿಸುತ್ತೇನೆ. ಅಂಗಿಯನ್ನು ತೊಟ್ಟು ಕೈಗಳನ್ನು ಇಳಿಬಿಟ್ಟು ನಿಂತರೆ ಏನೂ ತಿಳಿಯದು. ಸುತ್ತಿಗೆಯನ್ನು ಎತ್ತಿದಂತೆ ತೋಳನ್ನು ಎತ್ತಿ, 곁ದಲ್ಲಿರುವ ಬಿಂಬವನ್ನು ನೋಡುವಂತೆ ಪಕ್ಕಕ್ಕೆ ತಿರುಗಿ, ಆಗ ಕನ್ನಡಿಯಲ್ಲಿ ಕಂಡಿಯನ್ನು ನೋಡಬೇಕು. ಒಳಗಿನ ಉಡುಪು ನಾಲ್ಕು ಬೆರಳಿಗಿಂತ ಹೆಚ್ಚಾಗಿ ಕಂಡರೆ ಆ ಅಳತೆಯು ಅವಳದಲ್ಲ. ಸಿ-ಆರ್ಮನ್ನು ಅಡ್ಡಲಾಗಿ ತಿರುಗಿಸಿದಾಗ ಕಿರಣನಳಿಕೆಯ ಕಡೆಗೆ ನಿಲ್ಲದೆ ಬಿಂಬಗ್ರಾಹಿಯ ಕಡೆಗೆ ನಿಲ್ಲಬೇಕು. ಚದುರಿದ ಕಿರಣವು ಆ ಕಡೆ ಕಡಮೆ. ಕೆಲಸ ಮುಗಿದ ಮೇಲೆ ಅಂಗಿಯನ್ನು ಮಡಿಸಿ ಮೂಲೆಗೆ ಎಸೆಯದೆ ಅಗಲವಾದ ಕೊಕ್ಕೆಗೆ ತೂಗುಹಾಕಬೇಕು. ಮಡಿಕೆಯಲ್ಲಿ ಸೀಸದ ಹಾಳೆಯು ಬಿರಿಯುವುದು, ಹೊರಬಟ್ಟೆಯು ಅದನ್ನು ಮರೆಮಾಚುವುದು. ವರ್ಷಕ್ಕೊಮ್ಮೆಯಾದರೂ ಅದೇ ಕ್ಷ-ಕಿರಣದ ಯಂತ್ರದ ಕೆಳಗೆ ಕವಚವನ್ನು ಹರವಿ, ಬಿರುಕುಗಳಿವೆಯೇ ಎಂದು ಪರೀಕ್ಷಿಸತಕ್ಕದ್ದು.